ನೀರಿನ ಗಿಡ

ಬಿಸಿಲು ಏರಿದಷ್ಟೂ ಗುಂಡವ್ವನ ಕೊಡಗಳು ಬೆವರುತ್ತಿದ್ದವು. ನನ್ನ ಶಾವಿಗೆ ಗಿರಣಿಯ ಬಾಗಿಲಲ್ಲಿ ನಿಂತರೆ ಎದುರಿಗೇ ಆ ಬಸರಿ ಗಿಡ, ಅದರ ನೆರಳಿನಲ್ಲಿ ಸಾಲಾಗಿ ಕೂತ ಕೊಡ, ಗಡಿಗೆ, ಹರಿವಿಗಳು. ಎಲ್ಲದರಲ್ಲೂ ನೀರು. ಕುಂಬಾರ ಗುಂಡವ್ವ ಖಾಲಿ ಕೊಡವನ್ನು ಎಂದೂ ಮಾರಿದವಳಲ್ಲ. ನೀರು ತುಂಬಿ ಒಂದು ದಿನ ಇಟ್ಟು, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅದರಿಂದಲೇ ಒಂದು ತಂಬಿಗೆ ಗಿರಾಕಿಗೆ ಕುಡಿಸಿ, ಆಮೇಲೆ ವ್ಯಾಪಾರಕ್ಕೆ ಬಾಯಿ ತೆರೆಯುವುದು ಅವಳ ಪದ್ಧತಿ. ಕುಡಿದು ಹೋದವರು ಬಹಳ, ಕೊಂಡು ಹೋದವರು ಕಡಿಮೆ. ಆದರೂ ಅವಳು ತಂಬಿಗೆ ಮುಂದೆ ಚಾಚುವುದನ್ನು ಬಿಡಲಿಲ್ಲ. ಸಂಜೆ ಉಳಿದ ನೀರನ್ನೆಲ್ಲ ಗಿಡದ ಬುಡಕ್ಕೆ ಸುರಿದು ಮನೆಗೆ ಹೋಗುತ್ತಿದ್ದಳು.

ಹೀಗಾಗಿ ಅದು ಬಸರಿ ಗಿಡ ಎನ್ನುವುದನ್ನೇ ಊರು ಮರೆತಿತ್ತು. ಎಲ್ಲರ ಬಾಯಲ್ಲೂ ನೀರಿನ ಗಿಡ. ನಮ್ಮ ಕಡೆ ಆಲವೂ ಗಿಡ, ತುಳಸಿಯೂ ಗಿಡ. ನಮಗೆ ಮರ ಎಂದರೆ ಕಾಳು ಕೇರುವ ಮೊರ; ಆ ಮಾತನ್ನು ಗಿಡದ ಅರ್ಥದಲ್ಲಿ ಶಾಲೆಯ ಪುಸ್ತಕದಲ್ಲಿ ಓದುತ್ತಿದ್ದೆವೇ ಹೊರತು ಆಡುತ್ತಿರಲಿಲ್ಲ. ಟಾಂಗಾದವನಿಗೆ ನೀರಿನ ಗಿಡದ ಹತ್ತಿರ ಇಳಿಸು ಎಂದರೆ ಸಾಕು, ನನ್ನ ಗಿರಣಿಯ ಮುಂದೆ ತಂದು ನಿಲ್ಲಿಸುತ್ತಿದ್ದ. ಗಿರಣಿಗೆ ನಾನು ಇಟ್ಟ ಹೆಸರು ಬೋರ್ಡಿನ ಮೇಲಷ್ಟೇ ಉಳಿಯಿತು.

ಗುಂಡವ್ವನ ಸ್ವಭಾವ ಒಂದು ಮಾತಿನಲ್ಲಿ ಹೇಳುವುದಾದರೆ, ಸಂಶಯ. ಉಂಗುರದ ಬೆರಳಿನಿಂದ ಕೊಡ ಬಡಿದು ನೋಡಿದ ಗಿರಾಕಿ ಬೇಕೆಂದೇ ಸೀಳು ಬಿಡಿಸಲು ಬಂದವನು. ಹೊಗಳಿದವನು ಮತ್ತೊಬ್ಬ ಕುಂಬಾರನ ಕಡೆಯವನು. ನನ್ನನ್ನು ಮಾತ್ರ ಅವಳು ಅದುವರೆಗೆ ಆ ಪಟ್ಟಿಯಿಂದ ಹೊರಗಿಟ್ಟಿದ್ದಳು. ಮಧ್ಯಾಹ್ನ ಗಿರಣಿ ನಿಲ್ಲಿಸಿ ನಾನು ಅವಳ ಪಕ್ಕ ಹೋಗಿ ಕೂರುತ್ತಿದ್ದೆ, ಅವಳು ಕೇಳದೇ ತಂಬಿಗೆ ಕೊಡುತ್ತಿದ್ದಳು. ಅಷ್ಟು ವರ್ಷಗಳ ಒಡನಾಟದಲ್ಲಿ ನಮ್ಮಿಬ್ಬರ ನಡುವೆ ಒಂದು ಕಹಿ ಮಾತು ಬಂದಿರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ.

ಆ ಗಿಡದ ಬುಡದ ಪಕ್ಕದಲ್ಲೇ, ನೆಲದೊಳಗೆ, ನಮ್ಮ ಓಣಿಗೆ ಕರೆಂಟು ತರುವ ದಪ್ಪ ಕೇಬಲ್ ಹಾದುಹೋಗಿತ್ತು. ಮೊದಲಿದ್ದದ್ದು ಎಣ್ಣೆಯಲ್ಲಿ ನೆನೆಸಿದ ಕಾಗದ ಸುತ್ತಿ ಮೇಲೆ ಸೀಸ ಹೊದಿಸಿದ ಹಳೆಯ ಕಾಲದ್ದು. ಅದನ್ನು ತೆಗೆದು ಹೊಸತು ಹಾಕಿಸಿದವರು ಕರೆಂಟ್ ಆಫೀಸಿನ ಬಸಲಿಂಗಯ್ಯನವರು. ಹೊಸದರ ಒಂದು ತುಂಡನ್ನು ಕೈಯಲ್ಲಿ ಹಿಡಿದು ಓಣಿಗೆಲ್ಲ ತೋರಿಸಿದ್ದರು: ನಡುವೆ ಅಲ್ಯುಮಿನಿಯಂ ತಂತಿ, ಅದರ ಸುತ್ತ ಕೊಬ್ಬರಿಯಷ್ಟು ಬೆಳ್ಳಗಿನ ದಪ್ಪ ಪದರ, ಹೊರಗೆ ಕರಿ ಹೊದಿಕೆ. ಬೆಳ್ಳಗಿನದು ಪಾಲಿಎಥಿಲೀನ್ ಎಂದರು. ಕರೆಂಟನ್ನು ಒಳಗೇ ಹಿಡಿದಿಡುವುದು ಅದರ ಕೆಲಸವಂತೆ. ಪಾಲಿಎಥಿಲೀನ್ ಎಂದರೆ ಪಾಲಿಥಿನ್ನೇ ಎಂದು ಯಾರೋ ಬಿಡಿಸಿ ಹೇಳಿದಾಗ ಓಣಿಯವರಿಗೆ ನಗು ಬಂತು. ಸಂತೆಯಿಂದ ಬದನೆಕಾಯಿ ತರುವ ಚೀಲದೊಳಗೆ ಕರೆಂಟು ತುಂಬುತ್ತಾರಂತೆ ಎಂದು ವಾರಗಟ್ಟಲೆ ಆಡಿಕೊಂಡೆವು. ಬಸಲಿಂಗಯ್ಯನವರು ಸಿಟ್ಟಾಗದೆ, ಗುಂಡವ್ವನ ತಂಬಿಗೆ ಇಸಿದುಕೊಂಡು ಆ ತುಂಡಿನ ಮೇಲೆ ನೀರು ಸುರಿದು, ಒಂದು ಹನಿಯೂ ಒಳಗೆ ಇಳಿಯುವುದಿಲ್ಲ ನೋಡಿರಿ ಎಂದು ಒರೆಸಿ ತೋರಿಸಿದರು. ಚೀಲದಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡವರೇ. ಹಾಗಾಗಿ ಆ ಮಾತನ್ನು ಎಲ್ಲರೂ ಒಪ್ಪಿದೆವು.

ಕೆಲವು ವರ್ಷ ಕೇಬಲ್ ತನ್ನ ಪಾಡಿಗೆ ತಾನಿತ್ತು. ಆಮೇಲೆ ಒಂದು ಬೇಸಿಗೆ ಅದು ಕೈಕೊಡಲು ಶುರು ಮಾಡಿತು. ಬೇಸಿಗೆ ಎಂದರೆ ಶಾವಿಗೆಯ ಸುಗ್ಗಿ. ಹೆಣ್ಣುಮಕ್ಕಳು ಕಲಸಿದ ಹಿಟ್ಟನ್ನು ಬುಟ್ಟಿಯಲ್ಲಿ ಒದ್ದೆ ಬಟ್ಟೆ ಮುಚ್ಚಿ ತಂದು ಗಿಡದ ನೆರಳಲ್ಲಿ ಸರದಿ ಕಾಯುತ್ತಿದ್ದರು. ಯಂತ್ರ ಗುರ್ರೆಂದು ತಿರುಗುತ್ತಿರುವಾಗಲೇ ಕರೆಂಟು ಹೋಗುವುದು, ಅಚ್ಚಿನ ತೂತುಗಳಲ್ಲಿ ಹಿಟ್ಟು ಗಟ್ಟಿಯಾಗುವುದು, ಬುಟ್ಟಿಯಲ್ಲಿದ್ದದ್ದು ಹುಳಿಯಾಗುವುದು. ಅಗೆದು ನೋಡಿದರೆ ಗಿಡದ ಹತ್ತಿರದ ಭಾಗದಲ್ಲೇ ಎಲ್ಲೋ ಒಂದು ಸಣ್ಣ ತೂತು, ಸುತ್ತ ಸುಟ್ಟ ಕಲೆ. ಅಷ್ಟು ಕತ್ತರಿಸಿ ಜೋಡಿಸಿದರೆ ಸ್ವಲ್ಪ ದಿನ ಸುಖ, ಮತ್ತೆ ಪಕ್ಕದಲ್ಲಿ ಇನ್ನೊಂದು ತೂತು.

ಅಲ್ಲಿಂದ ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ನಂಬದ ಕಾಲ ಬಂತು. ಮೊದಲು ಹೆಗ್ಗಣಗಳ ಮೇಲೆ ಸಂಶಯ. ಆಮೇಲೆ ಜೋಡಿಸುವ ಕೆಲಸಗಾರನ ಮೇಲೆ. ಮತ್ತೆ ಮತ್ತೆ ಕರೆಯಲೆಂದು ಅವನೇ ಏನೋ ಮಾಡುತ್ತಾನೆ ಎಂದರು. ತೂತು ಬಿದ್ದದ್ದು ಅವನು ಮುಟ್ಟಿದ ಜಾಗದಲ್ಲಲ್ಲ ಎಂದು ಗೊತ್ತಾದ ಮೇಲೂ ಅವನಿಗೆ ಯಾರೂ ಚಹಾ ಕೊಡಲಿಲ್ಲ. ಕೊನೆಗೆ ಎಲ್ಲ ಬೆರಳೂ ಗುಂಡವ್ವನ ಕಡೆ ತಿರುಗಿದವು. ತಿರುಗಿಸಿದವನು ಶಿವಪುತ್ರಪ್ಪ. ಅವನದು ಓಣಿಯ ತುದಿಯಲ್ಲಿ ಬರ್ಫದ ಕಾರ್ಖಾನೆ. ಕರೆಂಟು ಹೋದಾಗಲೆಲ್ಲ ಅವನ ಬರ್ಫ ಕರಗಿ ಗಟಾರಕ್ಕೆ ಹರಿಯುತ್ತಿತ್ತು, ಅದೇ ಹೊತ್ತಿಗೆ ತಣ್ಣೀರಿಗಾಗಿ ಜನ ಗುಂಡವ್ವನ ಹತ್ತಿರ ಬರುತ್ತಿದ್ದರು, ಬಂದವರಲ್ಲಿ ಕೆಲವರು ಕೊಡವನ್ನೂ ಒಯ್ಯುತ್ತಿದ್ದರು. ಕರೆಂಟು ಹೋದರೆ ಯಾರಿಗೆ ಲಾಭ ಎಂದು ಶಿವಪುತ್ರಪ್ಪ ಸಾವಕಾಶವಾಗಿ ಕೇಳುತ್ತ ತಿರುಗಿದ. ಅದಕ್ಕೆ ಸರಿಯಾಗಿ, ಅಗೆದ ತಗ್ಗಿನಲ್ಲಿ ಬಸರಿಯ ಒಂದು ಬೇರು ಕೇಬಲ್ಲಿನ ಮೇಲೆ ಕೈ ಹಾಕಿ ಮಲಗಿದ್ದು ಕಂಡಿತು. ಅಷ್ಟು ಸಾಕಾಗಿತ್ತು. ಗಿಡ ಕಡಿಸಬೇಕು ಎನ್ನುವ ಮಾತು ಆ ದಿನವೇ ಹುಟ್ಟಿತು.

ಗಿಡ ಹೋದರೆ ಗುಂಡವ್ವ ಹೋದಂತೆ. ಆ ಬಯಲಲ್ಲಿ ಬಿಸಿಲಿಗೆ ಇಟ್ಟ ಕೊಡದ ನೀರು ಯಾರ ಬಾಯಿಗೂ ತಣ್ಣಗೆ ಹತ್ತುವುದಿಲ್ಲ, ಕುಡಿಸದೆ ಮಾರುವುದು ಅವಳಿಗೆ ಗೊತ್ತಿಲ್ಲ. ಊರಲ್ಲಿ ಬೇರೆ ನೆರಳುಗಳಿದ್ದವು, ಆದರೆ ಪ್ರತಿಯೊಂದು ನೆರಳಿಗೂ ಒಬ್ಬ ಯಜಮಾನ ಕೂತಿದ್ದ.

ಬಸಲಿಂಗಯ್ಯನವರು ದುಡುಕುವ ಮನುಷ್ಯರಲ್ಲ. ಕೆಟ್ಟ ಕೇಬಲ್ಲಿನ ಒಂದು ತುಂಡನ್ನು ದೂರದ ನಗರದ ಪರೀಕ್ಷಾಲಯಕ್ಕೆ ಕಳಿಸಿ, ಅಲ್ಲಿಯವರು ಹೇಳುವ ತನಕ ಯಾರೂ ಕೊಡಲಿ ಎತ್ತಬೇಡಿರಿ ಎಂದರು. ಅಲ್ಲಿಂದ ಫೋನು ಬಂದ ದಿನ ನಾನೂ ಶಿವಪುತ್ರಪ್ಪನೂ ಬೇರೆ ಬೇರೆಯಾಗಿ ತಕರಾರು ಹೇಳಲು ಅವರ ಕೋಣೆಯಲ್ಲೇ ಕೂತಿದ್ದೆವು. ಟ್ರಂಕ್ ಕಾಲು. ಆ ಕಡೆಯವರ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಬಸಲಿಂಗಯ್ಯನವರು ಕೇಳಿಸಿದ್ದನ್ನೆಲ್ಲ ಖಾತ್ರಿಗಾಗಿ ದೊಡ್ಡದಾಗಿ ತಿರುಗಿ ಹೇಳುತ್ತಿದ್ದರು.

"ಏನಂದ್ರಿ? ನೀರಿನ ಗಿಡ? ನೀರಿನ ಗಿಡಾನ ಕಾರಣ ಅಂತೀರಿ?" ಎಂದವರು ನಮ್ಮ ಕಡೆ ಕಣ್ಣರಳಿಸಿ ನೋಡಿದರು. "ಹೌದ್ರಿ, ಹೌದ್ರಿ. ಬ್ಯಾರೆ ಏನೂ ಇಲ್ಲ? ಬರೇ ಅದ? ಆತ್ರಿ."

ಬಸಲಿಂಗಯ್ಯನವರು ಫೋನಿಟ್ಟರು. ನಮ್ಮ ಊರನ್ನು ಕಣ್ಣಿಂದ ಕಾಣದ ಮನುಷ್ಯ, ಒಂದು ಗೇಣು ಕೇಬಲ್ ನೋಡಿ, ಗಿಡದ ಹೆಸರನ್ನೇ ಹೇಳಿದ್ದ. ಶಿವಪುತ್ರಪ್ಪ ಎರಡೂ ಕೈ ಎತ್ತಿ ಗೋಡೆಯ ಮೇಲಿನ ದೇವರ ಪಟಕ್ಕೆ ಮುಗಿದ. ಇನ್ನು ಆ ಗಿಡವನ್ನು ಉಳಿಸುವವರಿಲ್ಲ ಎಂದು ನನಗೆ ಅನ್ನಿಸಿತು.

ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಗುಂಡವ್ವ ಅಳಲಿಲ್ಲ, ಕೂಗಾಡಲಿಲ್ಲ. ನಾನು ಹತ್ತಿರ ಹೋದಾಗ ತಂಬಿಗೆಯನ್ನು ಹಿಂದಕ್ಕೆ ಸರಿಸಿಟ್ಟು ಕೇಳಿದಳು:

"ಅಷ್ಟು ದೂರ ಇರಾಂವಗ ನನ್ನ ಗಿಡದ ಹೆಸರ ಹೆಂಗ ಗೊತ್ತಾತ್ರಿ ಅಕ್ಕಾರ? ತಾನಾಗೇ ಗೊತ್ತಾಗೂದಲ್ಲ ಅದು. ಯಾರೋ ಊದ್ಯಾರ. ಫೋನ್ ಬಂದಾಗ ಅಲ್ಲಿ ಯಾರ್ಯಾರ ಇದ್ರಿ?"

ನಾನಿದ್ದೆ ಎಂದು ಹೇಳಬೇಕಾಯಿತು. ಅವಳು ಕೊಡಗಳ ಕಡೆ ತಿರುಗಿದಳು. ಸರಿಯಾಗಿಯೇ ಯೋಚಿಸಿದ್ದಳು ಎನ್ನುವುದೇ ನನಗೆ ಹೆಚ್ಚು ಉರಿ ತಂದದ್ದು. ಯಾರೋ ಹೇಳದೆ ಆ ಹೆಸರು ಅವನಿಗೆ ತಿಳಿಯುವಂತಿರಲಿಲ್ಲ. ಕರೆಂಟು ಹೋದರೆ ನಷ್ಟ ನನಗೂ ಇತ್ತು, ಹುಳಿಯಾದ ಹಿಟ್ಟಿಗೆ ಬೈಗುಳ ತಿನ್ನುತ್ತಿದ್ದವಳು ನಾನೇ. ಅವಳ ಜಾಗದಲ್ಲಿ ನಾನಿದ್ದರೂ ನನ್ನನ್ನೇ ಹಿಡಿಯುತ್ತಿದ್ದೆನೋ ಏನೋ. ಮರುದಿನದಿಂದ ಅವಳು ನನ್ನ ಗಿರಣಿಗೆ ಬೆನ್ನು ಮಾಡಿ ಕೂರತೊಡಗಿದಳು. ಮಧ್ಯಾಹ್ನ ನಾನು ನನ್ನ ಮನೆಯ ನಳದ ಬೆಚ್ಚಗಿನ ನೀರು ಕುಡಿದೆ.

ನಾನೂ ಸಂಶಯಕ್ಕೆ ಬಿದ್ದೆ. ಶಿವಪುತ್ರಪ್ಪನೇ ಗುಟ್ಟಾಗಿ ಆ ಪರೀಕ್ಷಾಲಯದವರ ಕಿವಿ ಕಚ್ಚಿದ್ದಾನೆ ಎಂದು ನನ್ನ ಲೆಕ್ಕ. ಅವನು ಮುಖ ಕಂಡಾಗಲೆಲ್ಲ ಅಷ್ಟು ಸಿಹಿಯಾಗಿ ನಮಸ್ಕಾರ ಮಾಡುತ್ತಿದ್ದುದು ಅದಕ್ಕೇ ಇರಬೇಕು. ಬಸಲಿಂಗಯ್ಯನವರಿಗೆ ಅವನು ದಿನಾ ಬರ್ಫ ಕಳಿಸುತ್ತಿದ್ದುದೂ ನೆನಪಾಯಿತು. ಮನಸ್ಸು ಒಮ್ಮೆ ಆ ದಾರಿ ಹಿಡಿದರೆ ಕಂಡದ್ದೆಲ್ಲ ಸಾಕ್ಷಿಯೇ. ನೇರವಾಗಿ ಬಸಲಿಂಗಯ್ಯನವರ ಹತ್ತಿರ ಹೋಗಿ, ಆ ಹೆಸರು ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದೆ. ಅಂಥ ದೊಡ್ಡ ಪರೀಕ್ಷಾಲಯ, ಅವರಿಗೆ ಎಲ್ಲ ತಿಳಿಯುತ್ತದೆ ಎಂದು ಹೇಳಿದರಾದರೂ ಅವರ ದನಿಯಲ್ಲೂ ಗಟ್ಟಿತನ ಇರಲಿಲ್ಲ. ಹೇಗೂ ಅಲ್ಲಿಯ ಎಂಜಿನಿಯರು ಜಾಗ ನೋಡಲು ಬರುವವರಿದ್ದಾರೆ, ಬೊಡ್ಡೆಯನ್ನು ಅಲ್ಲಿಯವರೆಗೆ ಮುಟ್ಟಿಸುವುದಿಲ್ಲ ಎಂದು ಮಾತು ಕೊಟ್ಟರು. ಕೊಂಬೆಗಳ ಮಾತು ಆಡಲಿಲ್ಲ. ನಾನು ಓಣಿಗೆ ತಿರುಗಿ ಬರುವಷ್ಟರಲ್ಲಿ ಶಿವಪುತ್ರಪ್ಪ ಕರೆಸಿದ ಕೊಡಲಿಯವರು ರಸ್ತೆಯ ಕಡೆಯ ಕೊಂಬೆಗಳನ್ನೆಲ್ಲ ಇಳಿಸಿದ್ದರು. ಅರ್ಧ ಗಿಡ ಬೋಳಾಗಿತ್ತು. ಉಳಿದ ಅರ್ಧ ನೆರಳಿಗೆ ಗುಂಡವ್ವ ಕೊಡಗಳನ್ನು ಸರಿಸಿ, ತಾನು ಬಿಸಿಲಲ್ಲಿ ಕೂತಿದ್ದಳು. ಕೊಡಗಳು ಮಾತ್ರ ಎಂದಿನಂತೆ ಬೆವರುತ್ತಿದ್ದವು.

ಬಂದ ಎಂಜಿನಿಯರು ಶ್ರೀಕಂಠಯ್ಯ ಎಂಬ ಸಣಕಲು ಮನುಷ್ಯ, ಮಾತು ದಕ್ಷಿಣದ ಕಡೆಯದು. ಹೆಗಲಿಗೊಂದು ಬಟ್ಟೆಯ ಚೀಲ. ಬಸ್ಸಿಳಿದು ನಡೆದು ಬಂದಿದ್ದರಿಂದ ಮುಖವೆಲ್ಲ ಕೆಂಪಾಗಿತ್ತು. ಓಣಿಯೆಲ್ಲ ಸೇರಿದ್ದೆವು, ಆದರೆ ಒಬ್ಬರೂ ಅವರ ತೀರ ಹತ್ತಿರ ಹೋಗಲಿಲ್ಲ. ಕಾಣದ್ದನ್ನು ಹೇಳುವ ಮನುಷ್ಯ ಇನ್ನೇನು ಹೇಳುತ್ತಾನೋ ಎಂಬ ಅಂಜಿಕೆ. ಅವರು ಕೊಡಗಳನ್ನು ಕಂಡು ಸಂತೋಷದಿಂದ, ಸ್ವಲ್ಪ ನೀರು ಕೊಡಮ್ಮ ಎಂದರು. ಅದುವರೆಗೆ ಕೇಳಿದ ಯಾರಿಗೂ ಇಲ್ಲ ಎನ್ನದ ಗುಂಡವ್ವ ತಂಬಿಗೆಯನ್ನು ಸೀರೆಯ ಮಡಿಲಲ್ಲಿ ಒತ್ತಿ ಹಿಡಿದಳು.

"ನೀರಿನ ಗಿಡ ಅಂತ ನಿಮಗ ಹೇಳಿದವರ ಯಾರು, ಅದನ್ನ ಮೊದಲ ಹೇಳ್ರಿ. ನೀರು ಆಮ್ಯಾಲ."

"ಯಾರೂ ಹೇಳಲಿಲ್ಲವಲ್ಲಮ್ಮ," ಎಂದರು ಶ್ರೀಕಂಠಯ್ಯ. "ನಾನೇ ಕಣ್ಣಾರೆ ನೋಡಿದೆ."

"ಯಾವಾಗ ಬಂದಿದ್ರಿ ಇಲ್ಲಿಗೆ?"

"ಬರೋದು ಯಾಕೆ? ಅಲ್ಲೇ ಕೂತು ನೋಡಿದೆ. ಒಂದಲ್ಲ, ಬೇಕಾದಷ್ಟಿವೆ. ಬೇಕಾದರೆ ನಿಮಗೂ ತೋರಿಸ್ತೀನಿ."

ಜನ ಒಂದು ಹೆಜ್ಜೆ ಹಿಂದೆ ಸರಿದದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಚೀಲದಿಂದ ಒಂದು ಡಬ್ಬಿ ತೆಗೆದರು. ಅದರಲ್ಲಿ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಹೆರೆದ ಒಂದು ಬಳೆಯಾಕಾರದ ಚೂರು, ನೀಲಿ ಬಣ್ಣದಲ್ಲಿ ಅದ್ದಿದ್ದು. ನಮ್ಮದೇ ಕೇಬಲ್ಲಿನ ಆ ಬಿಳಿಯ ಪದರವನ್ನು ಹೆರೆದದ್ದು ಎಂದರು. ಅದನ್ನು ಬೆಳಕಿಗೆ ಹಿಡಿದು ಮೇಲೆ ಭೂತಗನ್ನಡಿ ಇಟ್ಟು ಬಸಲಿಂಗಯ್ಯನವರನ್ನು ಕರೆದರು. ಅವರು ನೋಡಿ ಪಕ್ಕಕ್ಕೆ ಸರಿದರು. ನಾನು ನೋಡಿದೆ. ಚೂರಿನ ಅಂಚಿನಿಂದ ಒಳಕ್ಕೆ ನೀಲಿ ನೀಲಿಯಾಗಿ ಪುಟ್ಟ ಪೊದೆಗಳು; ಬುಡ, ಕೊಂಬೆ, ರೆಂಬೆ, ಎಲ್ಲ ಇದ್ದವು. ಸಾಸಿವೆ ಕಾಳಿನೊಳಗೆ ತೋಟ ಮಾಡಿದ ಹಾಗಿತ್ತು.

"ಇದೇ ನೀರಿನ ಗಿಡ," ಎಂದರು ಶ್ರೀಕಂಠಯ್ಯ.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ಪಾಲಿಎಥಿಲೀನಿನ ಮೇಲೆ ನೀರು ಸುರಿದರೆ ಒಳಗೆ ಹೋಗುವುದಿಲ್ಲ, ಅದು ನಿಜ. ಆದರೆ ಅದು ವರ್ಷಗಟ್ಟಲೆ ತೇವದಲ್ಲಿ ಮಲಗಿ, ಒಳಗಿನ ತಂತಿಯಲ್ಲಿ ಕರೆಂಟಿನ ಒತ್ತಡವೂ ಇದ್ದರೆ, ಕಣ್ಣಿಗೆ ಕಾಣದಷ್ಟು ನೀರು ಅದರೊಳಗೆ ತೂರಿ ಕೊಂಬೆ ಬಿಡುತ್ತ ಹೋಗುತ್ತದೆ. ಕೊಂಬೆ ಬೆಳೆದಷ್ಟೂ ಆ ಜಾಗ ಬಲ ಕಳೆದುಕೊಳ್ಳುತ್ತದೆ, ಒಂದು ದಿನ ಕರೆಂಟು ಅಲ್ಲೇ ಹೊರಗೆ ನುಗ್ಗಿ ಸುಟ್ಟು ತೂತು ಮಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ನೀರಿನ ಮರ ಎನ್ನುತ್ತಾರಂತೆ. ಇಷ್ಟು ಸಣ್ಣದಕ್ಕೆ ಮರ ಎಂದರೆ ಫೋನಿನಲ್ಲಿ ನಗುತ್ತಾರೆಂದು ತಾವೇ ಗಿಡ ಮಾಡಿಕೊಂಡರಂತೆ. ಅವರ ಕಡೆ ಗಿಡ ಎಂದರೆ ಕುಂಡದಲ್ಲಿ ಇಡುವಂಥದ್ದು.

"ನಾನು ಮರ ಅಂತಲೇ ಅನ್ನಬೇಕಿತ್ತು," ಎಂದು ಅವರು ಬೋಳು ಕೊಂಬೆಗಳನ್ನು ನೋಡುತ್ತ ಪೇಚಾಡಿಕೊಂಡರು.

"ಮರ ಅಂದಿದ್ರ ಮನಿಮನಿಗೆ ಹೊಕ್ಕು ಕಾಳು ಕೇರೋ ಮರಾ ಮುರೀತಿದ್ರು ಇವರು," ಎಂದಳು ಗುಂಡವ್ವ.

ಎಲ್ಲರೂ ನಕ್ಕರು, ಅವಳು ನಗಲಿಲ್ಲ. ತಂಬಿಗೆ ತುಂಬಿ ಶ್ರೀಕಂಠಯ್ಯನವರ ಕೈಗಿಟ್ಟು ಭೂತಗನ್ನಡಿ ಕೇಳಿ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. "ಇಷ್ಟ ಸಣ್ಣ ಗಿಡದ ಸಲುವಾಗಿ," ಎಂದಷ್ಟೇ ಹೇಳಿ ಚೂರನ್ನು ತಿರುಗಿ ಕೊಟ್ಟಳು. ಶಿವಪುತ್ರಪ್ಪ ತಾನು ಮತ್ತೆ ಕರೆಸಿ ನಿಲ್ಲಿಸಿದ್ದ ಕೊಡಲಿಯವರಿಗೆ ಹೋಗಲು ಕಣ್ಣಲ್ಲೇ ಸನ್ನೆ ಮಾಡಿದ.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬಸಲಿಂಗಯ್ಯನವರು ಕೇಳಬಾರದ ಪ್ರಶ್ನೆ ಕೇಳಿದರು: ಹಾಗಾದರೆ ಆ ನೀರು ಬಂದದ್ದು ಎಲ್ಲಿಂದ? ಎಲ್ಲರ ಕಣ್ಣುಗಳು ಒಂದಾದ ಮೇಲೊಂದು ಗುಂಡವ್ವನ ಕಾಲ ಬುಡದ ಹಸಿ ನೆಲಕ್ಕೆ ಇಳಿದವು. ನನ್ನವೂ ಇಳಿದವು. ಶ್ರೀಕಂಠಯ್ಯನವರು ಇದನ್ನೆಲ್ಲ ಗಮನಿಸದೆ ಹೇಳುತ್ತಲೇ ಇದ್ದರು. ನೆಲ ಎಂದ ಮೇಲೆ ತೇವ ಇದ್ದೇ ಇರುತ್ತದೆ, ಮಳೆ ಇದೆ, ಗಟಾರ ಇದೆ, ಇಂಥದೇ ನೀರು ಎಂದು ಹೇಳಲು ಬರುವುದಿಲ್ಲ. ಪಾಲಿಎಥಿಲೀನಿನ ಮೇಲೆ ಲೋಹದ ಹೊದಿಕೆ ಇರುವ ಕೇಬಲ್ ಹಾಕಬೇಕಿತ್ತು, ಇದನ್ನು ತೆಗೆದು ಅದನ್ನು ಹಾಕಿರಿ ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ಗುಂಡವ್ವ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ನಮ್ಮ ಕಣ್ಣುಗಳನ್ನು ಲೆಕ್ಕ ಹಿಡಿಯುತ್ತಿದ್ದಳು.

ಗಿಡ ಉಳಿಯಿತು ಎಂದು ನಾನು ನಿಟ್ಟುಸಿರು ಬಿಡುವ ಮೊದಲೇ ಶಿವಪುತ್ರಪ್ಪ ರಾಗ ಬದಲಿಸಿದ. ಗಿಡ ಇರಲಿ, ಕೊಡಗಳು ಏಳಲಿ. ಹೊಸ ಕೇಬಲ್ ಹಾಕಿದ ಮೇಲೆ ಮತ್ತೆ ಅದರ ತಲೆಯ ಮೇಲೆ ನೀರು ಸುರಿಯುವವರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದ. ಹೌದೆನ್ನುವವರೂ ಇದ್ದರು. ನನಗೆ ತಡೆಯಲಾಗಲಿಲ್ಲ. ಬಸಲಿಂಗಯ್ಯನವರ ಬಳಿ ಹೋಗಿ, ಹೊಸ ಕೇಬಲ್ಲನ್ನು ರಸ್ತೆಯ ಈಚೆಯಿಂದ, ನನ್ನ ಗಿರಣಿಯ ಮುಂದಿನಿಂದ ಒಯ್ಯಿರಿ, ಮೆಟ್ಟಿಲು ಒಡೆದರೆ ಒಡೆಯಲಿ ಎಂದೆ. ಬೇರಿನ ತಂಟೆಯೂ ಇಲ್ಲ, ನೀರಿನ ತಂಟೆಯೂ ಇಲ್ಲ. ಅವರು ಒಪ್ಪಿದರು. ಸುಗ್ಗಿಯ ಕೊನೆಯಲ್ಲಿ ನನ್ನ ಬಾಗಿಲ ಮುಂದೆ ಆಳವಾದ ಕಂದಕ ಬಿತ್ತು. ಗಿರಾಕಿಗಳು ಹಿಟ್ಟಿನ ಬುಟ್ಟಿ ಹೊತ್ತು ಒಂದು ಹಲಗೆಯ ಮೇಲೆ ನಡೆದು ಬರಬೇಕಾಯಿತು.

ಗುಂಡವ್ವನಿಂದ ಒಂದು ಒಳ್ಳೆಯ ಮಾತು ಬಂದೀತು ಎಂದು ಕಾದದ್ದು ನಿಜ. ಬಂದದ್ದು ಬೇರೆ. ಇಷ್ಟು ಚೆಂದದ ಮೆಟ್ಟಿಲನ್ನು ಯಾರಾದರೂ ಸುಮ್ಮನೆ ಒಡೆಸುತ್ತಾರೆಯೇ, ಒಳಗೆ ಏನೋ ಇರಬೇಕು ಎಂದು ಗಿರಾಕಿಗಳೊಂದಿಗೆ ಆಡಿದಳಂತೆ. ಮೆಟ್ಟಿಲೂ ಹೋಯಿತು, ಮರ್ಯಾದೆಯೂ ಹೋಯಿತು ಎಂದು ಒಬ್ಬಳೇ ಗೊಣಗಿಕೊಂಡೆ.

ಹೊಸ ಕೇಬಲ್ ಕಂದಕಕ್ಕೆ ಇಳಿದ ದಿನ, ಮಣ್ಣು ಮುಚ್ಚುವ ಮೊದಲು, ಕೆಲಸದವರು ಊಟಕ್ಕೆ ಹೋಗಿದ್ದರು. ನಾನು ಯಂತ್ರದ ಅಚ್ಚು ತೊಳೆಯುತ್ತಿದ್ದೆ. ಹಲಗೆಯ ಮೇಲೆ ಹೆಜ್ಜೆಯ ಸದ್ದಾಯಿತು. ಗುಂಡವ್ವ ಬರಿಗೈಯಲ್ಲಿ ಬಂದು ಹೊಸ್ತಿಲ ಮೇಲೆ ಕೂತಳು. ಅವಳು ನನ್ನ ಗಿರಣಿಯ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಯಾವಾಗಲೂ ಹೋಗುತ್ತಿದ್ದವಳು ನಾನು.

"ಒಂದು ಮಾತು ಕೇಳ್ತೀನ್ರಿ ಅಕ್ಕಾರ, ಖರೇನ ಹೇಳಬೇಕು," ಎಂದಳು. "ಅವತ್ತ ನೀರು ಎಲ್ಲಿಂದ ಬಂತು ಅಂದಾಗ ನೀವೂ ನನ್ನ ಕಡೀನ ನೋಡಿದ್ರಿ. ನನ್ನ ಮ್ಯಾಲ ಸಂಶೇ ಬಂದಿತ್ತೇನು?"

ಇಲ್ಲ ಎನ್ನುವುದು ಸುಲಭವಿತ್ತು. ಅವಳ ಮುಖ ನೋಡಿದರೆ ಅದು ನಾಲಿಗೆಗೆ ಬರಲಿಲ್ಲ.

"ಬಂದಿತ್ತು," ಎಂದೆ.

ಗುಂಡವ್ವ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಆನಿಸಿದಳು.

"ಹಂಗಾದ್ರ ಛಲೋ ಆತು. ಸಂಶೇ ನನಗ ಒಬ್ಬಾಕಿಗೇ ಬಂದಿತ್ತು ಅಂತ ತಿಳಿದು ಊಟ ಸೇರವಲ್ದಾಗಿತ್ತು."

ಅಚ್ಚನ್ನು ಕೆಳಗಿಟ್ಟು ಅವಳ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವಳು, ಕೊಡಗಳ ಹತ್ತಿರ ಯಾರೂ ಇಲ್ಲ ಎಂದು ಎದ್ದಳು. ನಾನೂ ಅವಳ ಹಿಂದೆಯೇ ಹೊರಟೆ. ಹಲಗೆಯ ನಡುವೆ ಬಂದಾಗ ಅದು ಇಬ್ಬರ ಭಾರಕ್ಕೆ ಬಳುಕಿತು. ಗುಂಡವ್ವ ನಿಂತಳು, ಹಿಂದೆ ತಿರುಗಿ ನೋಡದೆಯೇ ಒಂದು ಕೈಯನ್ನು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ಒಣಗಿದ ಮಣ್ಣಿನಿಂದ ಒರಟಾದ ಕೈ. ಕೆಳಗೆ, ಇನ್ನೂ ಮುಚ್ಚದ ಕಂದಕದಲ್ಲಿ, ಹೊಸ ಕೇಬಲ್ ಮೈಚಾಚಿ ಮಲಗಿತ್ತು.